ಕೊಲ್ಲಿಯ ಗಾಳಿ, ನಮ್ಮ ಘಟ್ಟದ ಮಳೆ



ರೇಡಿಯೋದಲ್ಲಿ ಹವಾಮಾನ ವರದಿ ಓದುವಾಗ ಒಂದು ಮಾತನ್ನು ನೀವು ಎಷ್ಟೋ ಸಲ ಕೇಳಿದ್ದೀರಿ: “ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾಗಿದೆ.” ಈ ಮಾತು ಕಿವಿಗೆ ಬಿದ್ದಾಗ ನಮ್ಮಲ್ಲಿ ಬಹಳ ಮಂದಿ, “ಅದು ಒಡಿಶಾದವರ ಪಾಡು, ಆಂಧ್ರದವರ ಪಾಡು. ಕಡಲ ದಂಡೆಯವರು ನೋಡಿಕೊಳ್ತಾರೆ, ನಮಗ್ಯಾಕೆ?” ಎಂದುಕೊಂಡು ಎದ್ದು ಕೆಲಸಕ್ಕೆ ಹೋಗುತ್ತಾರೆ. ಹಾಗೆ ಅಂದುಕೊಳ್ಳುವುದು ಸಹಜವೇ. ಮಡಿಕೇರಿಗೂ ಒಡಿಶಾದ ಕಡಲ ದಂಡೆಗೂ ನಡುವೆ ಸಾವಿರ ಕಿಲೋಮೀಟರಿಗಿಂತ ಹೆಚ್ಚು ದೂರ ಇದೆ. ಅಲ್ಲಿ ಗಾಳಿ ಸುತ್ತಿದರೆ ಇಲ್ಲಿ ನಮ್ಮ ಗದ್ದೆಗೆ ಏನಾದೀತು?

ಆಗುತ್ತದೆ, ಬಂಧುಗಳೇ. ಅಲ್ಲಿ ಗಾಳಿ ಸುತ್ತಿದ್ದಕ್ಕೆ ಇಲ್ಲಿ ಬೆಟ್ಟ ಜಾರಿದ್ದುಂಟು, ಹೊಳೆ ಊರೊಳಗೆ ಬಂದದ್ದುಂಟು. ಈ ನಂಟನ್ನು ಮನುಷ್ಯ ಹೇಗೆ ಕಂಡುಕೊಂಡ, ಅದಕ್ಕೆ ಎಷ್ಟು ಬೆಲೆ ತೆತ್ತ, ತಿಳಿದ ಮೇಲೂ ನಾವು ಎಲ್ಲಿ ಎಡವುತ್ತಿದ್ದೇವೆ ಎಂಬುದೇ ಈ ಹೊತ್ತಿನ ಮಾತು.

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ಬೆಚ್ಚಗಿನ ಕಡಲ ಮೇಲೆ ಗಾಳಿ ಕಾದು, ಹಗುರವಾಗಿ ಮೇಲಕ್ಕೆ ಏಳುತ್ತದೆ. ಆ ಜಾಗದಲ್ಲಿ ಗಾಳಿಯ ಭಾರ ಕಡಿಮೆಯಾಗುತ್ತದೆ. ಸುತ್ತಲಿನ ಗಾಳಿ ಅಲ್ಲಿಗೆ ನುಗ್ಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ಆ ಗಾಳಿ ನೇರವಾಗಿ ಹೋಗದೆ ಸುಳಿಯಾಗಿ ಸುತ್ತುತ್ತದೆ. ಈ ಸುಳಿ ಮೆಲ್ಲಗಿದ್ದರೆ ಕಡಿಮೆ ಒತ್ತಡದ ಪ್ರದೇಶ ಎನ್ನುತ್ತಾರೆ. ಗಾಳಿಯ ವೇಗ ಗಂಟೆಗೆ 31 ಕಿಲೋಮೀಟರ್ ಮುಟ್ಟಿದರೆ ಅದು ವಾಯುಭಾರ ಕುಸಿತ. 50 ದಾಟಿದರೆ ತೀವ್ರ ವಾಯುಭಾರ ಕುಸಿತ. 62 ಮುಟ್ಟಿದರೆ ಚಂಡಮಾರುತ. ಅದಕ್ಕೊಂದು ಹೆಸರಿಟ್ಟು ಕರೆಯುತ್ತಾರೆ. ಇವೆಲ್ಲ ಒಂದೇ ಮನೆತನದವು. ಕರುವೇ ಬೆಳೆದು ಹೋರಿಯಾಗುವ ಹಾಗೆ ಒಂದು ಇನ್ನೊಂದಾಗಿ ಬೆಳೆಯುತ್ತದೆ. ಕಡಲ ದಂಡೆಯವರಿಗೆ ಹೋರಿಯ ಭಯ ಹೆಚ್ಚು. ನಮ್ಮಂಥ ದೂರದವರಿಗೆ ಕರುವೂ ಸಾಕು, ಅದು ಯಾಕೆಂದು ಮುಂದೆ ಹೇಳುತ್ತೇನೆ.

ಈಗ ಹಿಂದಿನ ಕಾಲಕ್ಕೆ ಹೋಗೋಣ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಲ್ಕತ್ತೆಯಲ್ಲಿ ಹೆನ್ರಿ ಪಿಡಿಂಗ್ಟನ್ ಎಂಬ ಒಬ್ಬ ಹಳೆಯ ನಾವಿಕನಿದ್ದ. ಬಿರುಗಾಳಿಗೆ ಸಿಕ್ಕಿ ಬಂದ ಹಡಗುಗಳ ದಿನಚರಿ ಪುಸ್ತಕಗಳನ್ನು ತರಿಸಿಕೊಂಡು, ಯಾವ ಹೊತ್ತಿನಲ್ಲಿ ಯಾವ ಹಡಗಿಗೆ ಯಾವ ದಿಕ್ಕಿನ ಗಾಳಿ ಬಡಿಯಿತು ಎಂದು ಕೂಡಿಸಿ ನೋಡುವುದೇ ಅವನ ಕೆಲಸ. ಹಾಗೆ ನೋಡಿದಾಗ, ಇಂಥ ಗಾಳಿ ಸುರುಳಿ ಸುತ್ತಿಕೊಂಡು ನಡೆಯುತ್ತದೆ ಎಂಬುದು ಅವನಿಗೆ ಸ್ಪಷ್ಟವಾಯಿತು. ಹಾವು ಸುತ್ತಿಕೊಂಡ ಹಾಗೆ ಎಂಬ ಅರ್ಥದ ಗ್ರೀಕ್ ಮಾತಿನಿಂದ ಇದಕ್ಕೆ 1848ರಲ್ಲಿ ‘ಸೈಕ್ಲೋನ್’ ಎಂದು ಹೆಸರಿಟ್ಟ. ಇಂದು ಲೋಕವೆಲ್ಲ ಆಡುವ ಆ ಹೆಸರು ನಮ್ಮ ಕೊಲ್ಲಿಯ ದಂಡೆಯಲ್ಲೇ ಹುಟ್ಟಿತು.

ಕಲ್ಕತ್ತೆಯ ಕೆಳಗೆ ಮಾತ್ಲಾ ನದಿಯ ದಂಡೆಯಲ್ಲಿ ಹೊಸ ಬಂದರು ಕಟ್ಟಲು ಸರ್ಕಾರ ಹೊರಟಾಗ ಪಿಡಿಂಗ್ಟನ್ 1853ರಲ್ಲಿ ಗವರ್ನರ್ ಜನರಲ್‌ಗೆ ಪತ್ರ ಬರೆದು, ಇಲ್ಲಿ ಕಟ್ಟಬೇಡಿ, ಒಂದು ದಿನ ಚಂಡಮಾರುತದ ಅಲೆ ಬಂದು ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ ಎಂದು ಎಚ್ಚರಿಸಿದ. ಯಾರೂ ಕಿವಿಗೊಡಲಿಲ್ಲ. ಬಂದರು ಕಟ್ಟಿದರು, ಕ್ಯಾನಿಂಗ್ ಎಂದು ಹೆಸರಿಟ್ಟರು. 1867ರಲ್ಲಿ ಚಂಡಮಾರುತ ಬಂದು ಆ ಬಂದರನ್ನು ಹಾಳುಗೆಡವಿತು. ಎಚ್ಚರಿಸಿದವನು ಆ ಹೊತ್ತಿಗೆ ಬದುಕಿರಲಿಲ್ಲ.

ಇದಕ್ಕೂ ಮೂರು ವರ್ಷ ಮುಂಚೆ, 1864ರ ಅಕ್ಟೋಬರ್ 5ರಂದು ಕಲ್ಕತ್ತೆಯನ್ನೇ ಚಂಡಮಾರುತ ಬಡಿದಿತ್ತು. ಸುಮಾರು 60,000 ಜನ ಸತ್ತರೆಂದು ಅಂದಾಜು. ಅದರ ಬೆನ್ನಿಗೇ ಒರಿಸ್ಸಾ ಕಡೆ ಮಳೆ ಕೈಕೊಟ್ಟು ಭಾರಿ ಬರ ಬಂತು. ಒಂದು ಕಡೆ ಅತಿವೃಷ್ಟಿ, ಇನ್ನೊಂದು ಕಡೆ ಅನಾವೃಷ್ಟಿ. ಈ ಎರಡು ಪೆಟ್ಟು ತಿಂದ ಮೇಲೆ ಸರ್ಕಾರಕ್ಕೆ ಎಚ್ಚರವಾಯಿತು. 1875ರಲ್ಲಿ ಭಾರತದ ಹವಾಮಾನ ಇಲಾಖೆ ಹುಟ್ಟಿತು. ಹೆನ್ರಿ ಬ್ಲ್ಯಾನ್‌ಫೋರ್ಡ್ ಅದರ ಮೊದಲ ಮುಖ್ಯಸ್ಥನಾದ.

ಇಲಾಖೆಗೆ ಸಿಕ್ಕ ದೊಡ್ಡ ಆಯುಧ ಯಾವುದು ಗೊತ್ತೇ? ತಂತಿ. ಗಾಳಿ ಎಷ್ಟೇ ಜೋರಾಗಿ ಓಡಲಿ, ತಂತಿಯ ಸುದ್ದಿ ಅದಕ್ಕಿಂತ ಮುಂದೆ ಓಡುತ್ತದೆ. ಬೇರೆ ಬೇರೆ ಊರಿನ ವಾಯುಭಾರ, ಗಾಳಿ, ಮಳೆಯ ಲೆಕ್ಕ ತಂತಿಯ ಮೂಲಕ ಒಂದು ಕಡೆ ಬಂದು ಸೇರಿ, ಒಂದೇ ನಕ್ಷೆಯ ಮೇಲೆ ಬಿದ್ದಾಗ, ಒಂದೂರಲ್ಲಿ ನಿಂತವನ ಕಣ್ಣಿಗೆ ಎಂದೂ ಬೀಳದ ಸಂಗತಿ ಕಾಣಿಸತೊಡಗಿತು. ನಮ್ಮೂರ ಮೋಡ ನಮ್ಮೂರದೇ ಅಲ್ಲ, ಅದರ ಹಗ್ಗ ಎಲ್ಲೋ ದೂರದಲ್ಲಿದೆ ಎಂದು ತಿಳಿಯಿತು.

ಹಳೆ ಮೈಸೂರು ಸೀಮೆಯಲ್ಲೂ ಈ ಕೆಲಸ ಬೇಗನೇ ಶುರುವಾಯಿತು. 1890ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ಮೇಲ್ವಿಚಾರಣೆಯಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ಹವಾಮಾನ ಕೇಂದ್ರಗಳು ನಡೆದವು. ತಾಲ್ಲೂಕು ಕಚೇರಿಯ ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನವೂ ಬೆಳಿಗ್ಗೆ ಅಳೆದು ಬರೆದಿಟ್ಟ ಗುಮಾಸ್ತರ ಸಾಲು ದೊಡ್ಡದು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಇಂದು “ವಾಡಿಕೆಯ ಮಳೆ ಇಷ್ಟು” ಎಂದು ನಾವು ಹೇಳುವುದು ಅಂಥವರು ಬರೆದಿಟ್ಟ ಲೆಕ್ಕದ ಬಲದಿಂದಲೇ.

ಮುಂದೆ 1932ರಲ್ಲಿ ಪುಣೆಯಲ್ಲಿ ಬೇಸಾಯದ ಹವಾಮಾನಕ್ಕೆಂದೇ ಒಂದು ವಿಭಾಗ ತೆರೆದರು. 1945ರಲ್ಲಿ ರೈತರಿಗಾಗಿ ಹವಾಮಾನ ವರದಿ ಶುರುವಾಯಿತು. ಆಕಾಶವಾಣಿ ಅದನ್ನು ಹಳ್ಳಿಗಳಿಗೆ ಮುಟ್ಟಿಸಿತು. ಕೊಲ್ಲಿಯ ಸುದ್ದಿ ನಮ್ಮ ಜಗಲಿಗೆ ಬಂದದ್ದು ಹೀಗೆ. 1957ರಲ್ಲಿ ನಮ್ಮ ದೇಶದವರೇ ಆದ ಪಿಷಾರೋಟಿ ಮತ್ತು ಅಸ್ನಾನಿ ಎಂಬ ಇಬ್ಬರು ವಿಜ್ಞಾನಿಗಳು, ಕೊಲ್ಲಿಯಿಂದ ಒಳನಾಡಿಗೆ ಬರುವ ವಾಯುಭಾರ ಕುಸಿತಗಳ ಸುತ್ತ ಮಳೆ ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಿದರು. ಸುಳಿಯ ನಟ್ಟನಡುವೆ ಜೋರು ಮಳೆ ಬೀಳುತ್ತದೆ ಎಂದಲ್ಲವೇ ನಾವು ಅಂದುಕೊಳ್ಳುವುದು? ಜೋರು ಮಳೆ ಬೀಳುವುದು ನೈಋತ್ಯದ ಪಕ್ಕದಲ್ಲಿ, ನಡುವಿನಿಂದ ನೂರಾರು ಕಿಲೋಮೀಟರ್ ಆಚೆಯವರೆಗೆ ಎಂದು ಅವರು ತೋರಿಸಿಕೊಟ್ಟರು. 1960ರಲ್ಲಿ ಮೊದಲ ಹವಾಮಾನ ಉಪಗ್ರಹ ಆಕಾಶಕ್ಕೆ ಹಾರಿತು. ಅಲ್ಲಿಂದ ಮುಂದೆ ಇಡೀ ಸುಳಿಯನ್ನು ಮೇಲಿನಿಂದ ಕಣ್ಣಾರೆ ನೋಡುವ ಹಾಗಾಯಿತು.

ಸರಿ, ಕೊಲ್ಲಿಯ ಸುಳಿ ಘಟ್ಟದ ಮಳೆಯನ್ನು ಎಳೆಯುವುದು ಹೇಗೆ? ಕೆರೆಯ ತೂಬು ಎತ್ತಿದಾಗ ನೋಡಿದ್ದೀರಲ್ಲ. ಮೊದಲು ತೂಬಿನ ಹತ್ತಿರದ ನೀರು ಸರಿಯುತ್ತದೆ. ಸ್ವಲ್ಪ ಹೊತ್ತಿಗೆ ಆಚೆ ದಂಡೆಯಲ್ಲಿ ತೇಲುತ್ತಿದ್ದ ಎಲೆಯೂ ತೂಬಿನ ಕಡೆಗೆ ಮುಖ ಮಾಡುತ್ತದೆ. ಕೊಲ್ಲಿಯ ವಾಯುಭಾರ ಕುಸಿತವೂ ಗಾಳಿಗೆ ತೂಬು ಎತ್ತಿದ ಹಾಗೆ. ನಮ್ಮ ಕಡೆ ಇಂಥ ಸುಳಿ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸುತ್ತುತ್ತದೆ. ಹಾಗಾಗಿ ಸುಳಿಯ ದಕ್ಷಿಣ ಪಕ್ಕದಲ್ಲಿ ಗಾಳಿ ಪಡುವಣದಿಂದ ಮೂಡಣಕ್ಕೆ ಬೀಸುತ್ತದೆ. ನಮ್ಮ ಮುಂಗಾರು ಗಾಳಿಯ ದಾರಿಯೂ ಅದೇ. ಒಂದೇ ನೇಗಿಲಿಗೆ ಹೂಡಿದ ಜೋಡೆತ್ತಿನ ಹಾಗೆ ಎರಡೂ ಕೂಡಿ ಎಳೆಯುತ್ತವೆ. ಅರಬ್ಬೀ ಸಮುದ್ರದ ತೇವ ತುಂಬಿದ ಗಾಳಿ ದುಪ್ಪಟ್ಟು ರಭಸದಿಂದ ನಮ್ಮ ಕರಾವಳಿಗೆ ನುಗ್ಗುತ್ತದೆ.

ನುಗ್ಗಿದ ಗಾಳಿಗೆ ಎದುರು ನಿಂತಿರುವುದು ಸಹ್ಯಾದ್ರಿ. ಗಾಳಿ ಬೆಟ್ಟ ಹತ್ತಲೇಬೇಕು. ಮೇಲೆ ಹೋದ ಹಾಗೆಲ್ಲ ತಣ್ಣಗಾಗುತ್ತದೆ. ಕುದಿವ ಪಾತ್ರೆಯ ಆವಿ ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿಗಟ್ಟುವುದನ್ನು ತಾಯಂದಿರು ದಿನಾ ನೋಡುತ್ತೀರಿ. ಹಾಗೆಯೇ ಗಾಳಿಯೊಳಗಿನ ಆವಿ ಹನಿಗಟ್ಟಿ ಸುರಿಯುತ್ತದೆ. ಸುಳಿ ಕೊಲ್ಲಿಯಲ್ಲಿ ನಾಲ್ಕು ದಿನ ಎಳೆದರೆ ಘಟ್ಟದಲ್ಲಿ ನಾಲ್ಕು ದಿನ ಬಿಡದೆ ಮಳೆ. ಗಾಳಿ ಗಂಟೆಗೆ ನೂರು ಮೈಲಿ ಬೀಸುವ ಚಂಡಮಾರುತವೇ ಬೇಕೆಂದಿಲ್ಲ. ಹೆಸರಿಲ್ಲದ ಒಂದು ವಾಯುಭಾರ ಕುಸಿತ ನೆಲೆನಿಂತು ಎಳೆದರೂ ಸಾಕು. ಕರುವೂ ಸಾಕು ಎಂದು ಮೊದಲು ಹೇಳಿದ್ದು ಇದಕ್ಕೇ.

ಒಂದು ಲೆಕ್ಕ ಮನಸ್ಸಿನಲ್ಲಿಡಿ. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು. ತೂಕದಲ್ಲಿ ನೂರು ಟನ್. ಹತ್ತು ಅಂಗುಲ ಬಿದ್ದರೆ ಸಾವಿರ ಟನ್. ಇಳಿಜಾರಿನ ಒಂದೆಕರೆ ತೋಟ ಆ ಭಾರ ಹೊತ್ತು ನಿಲ್ಲಬೇಕು, ಇಲ್ಲವೆ ನೀರನ್ನು ಕೆಳಗೆ ಬಿಡಬೇಕು.

ಈಗ ನಮ್ಮ ಕಾಲದಲ್ಲೇ ನಡೆದ ಸಂಗತಿಗಳಿಗೆ ಬರೋಣ.

2009ರ ಮಾತು ಉತ್ತರ ಕರ್ನಾಟಕದವರಿಗೆ ಮರೆತಿಲ್ಲ. ಆ ವರ್ಷ ದೇಶದಲ್ಲೆಲ್ಲ ಮುಂಗಾರು ಕೈಕೊಟ್ಟಿತ್ತು. ವಾಡಿಕೆಗಿಂತ ನೂರಕ್ಕೆ 22 ಪಾಲು ಕಡಿಮೆ. ಎಲ್ಲರೂ ಮುಗಿಲು ನೋಡುತ್ತಿದ್ದರು. ಸೆಪ್ಟೆಂಬರ್ ಕೊನೆಗೆ, ಹಸ್ತದ ಮಳೆಯ ಹೊತ್ತಿಗೆ, ಬಂಗಾಳ ಕೊಲ್ಲಿಯಲ್ಲಿ ಆಂಧ್ರ ತೀರದ ಆಚೆ ಕಡಿಮೆ ಒತ್ತಡ ಎದ್ದಿತು. ಕಡಲನ್ನೇ ಕಾಣದ ವಿಜಯಪುರ, ಬಾಗಲಕೋಟೆ, ರಾಯಚೂರು, ಕೊಪ್ಪಳ, ಗದಗ, ಬಳ್ಳಾರಿ ಕಡೆ ಮಳೆ ಸುರಿದದ್ದೇ ಸುರಿದದ್ದು. ನೀರುಂಡ ಮಣ್ಣಿನ ಮಾಳಿಗೆ ಮನೆಗಳು ಮಲಗಿದವರ ಮೇಲೇ ಕುಸಿದವು. ನಮ್ಮ ರಾಜ್ಯದಲ್ಲೇ ಇನ್ನೂರಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. ಅಕ್ಟೋಬರ್ ಮೊದಲಲ್ಲಿ ಮಂತ್ರಾಲಯ, ಕರ್ನೂಲು ನೀರಲ್ಲಿ ಮುಳುಗಿದವು. ಶ್ರೀಶೈಲದ ಕಟ್ಟೆಗೆ 25 ಲಕ್ಷ ಕ್ಯೂಸೆಕ್ಸಿಗೂ ಹೆಚ್ಚು ನೀರು ನುಗ್ಗಿತು. ಬರ ಎಂದು ಅಳುತ್ತಿದ್ದ ನಾಡು ವಾರದೊಳಗೆ ನೆರೆ ಎಂದು ಅತ್ತಿತು.

2018ಕ್ಕೆ ಬನ್ನಿ. ಆ ವರ್ಷ ಜೂನ್‌ನಿಂದಲೇ ಕೊಡಗು, ಕೇರಳಗಳಲ್ಲಿ ಒಳ್ಳೆಯ ಮಳೆ. ನೆಲ ಆಗಲೇ ನೀರು ಕುಡಿದು ತೃಪ್ತವಾಗಿತ್ತು. ಆಗಸ್ಟ್ ತಿಂಗಳಲ್ಲಿ ಕೊಲ್ಲಿಯಲ್ಲಿ, ಒಡಿಶಾ ತೀರದ ಹತ್ತಿರ, ಒಂದರ ಹಿಂದೆ ಒಂದು ಸುಳಿ ಎದ್ದವು. ಎರಡನೆಯದು ತಿಂಗಳ ನಡುವಿನಲ್ಲಿ ವಾಯುಭಾರ ಕುಸಿತವಾಗಿ ಬೆಳೆಯಿತು. ಒಡಿಶಾದಲ್ಲಿ ಅದು ದೊಡ್ಡ ಸುದ್ದಿಯೇನೂ ಆಗಲಿಲ್ಲ. ಆದರೆ ಅದು ಎಳೆದ ಪಡುವಣ ಗಾಳಿ ಬಂದು ಬಡಿದದ್ದು ನಮ್ಮ ಘಟ್ಟಕ್ಕೆ. ಆಶ್ಲೇಷ ಮುಗಿದು ಮಖೆ ಮಳೆ ಕಾಲಿಡುವ ಹೊತ್ತು, ಆಗಸ್ಟ್ 15ರಿಂದ 17ರವರೆಗೆ, ಬಿಡದೆ ಸುರಿಯಿತು. ಮಡಿಕೇರಿಯ ಸುತ್ತ ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಕಾಲೂರು ಕಡೆ ಬೆಟ್ಟಗಳೇ ಜಾರಿದವು. ಕಾಫಿ ತೋಟ, ಏಲಕ್ಕಿ, ಮೆಣಸಿನ ಬಳ್ಳಿ ಎಲ್ಲವೂ ಕೆಸರಿನ ಜೊತೆ ಇಳಿದು ಬಂದು ಕೆಳಗಿನ ಗದ್ದೆಯನ್ನು ಹೂತುಹಾಕಿದವು. ರಸ್ತೆಗೆ, ಮನೆಗೆ ಎಂದು ಬರೆ ಕಡಿದಿದ್ದ ಕಡೆ ಗಾಯ ಇನ್ನೂ ದೊಡ್ಡದಾಯಿತು. ಪಕ್ಕದ ಕೇರಳದಲ್ಲಿ ಆಗಸ್ಟ್ 1ರಿಂದ 19ರವರೆಗೆ ವಾಡಿಕೆಯ ಮಳೆ 287 ಮಿಲಿಮೀಟರ್, ಬಿದ್ದದ್ದು 758. ಅಲ್ಲಿ ಆ ಮಳೆಗಾಲದಲ್ಲಿ ಸತ್ತವರು ನಾಲ್ಕುನೂರಕ್ಕೂ ಹೆಚ್ಚು.

ಮರುವರ್ಷ, 2019ರ ಆಗಸ್ಟ್ 7ರಂದು, ಒಂದು ತೀವ್ರ ವಾಯುಭಾರ ಕುಸಿತ ಒಡಿಶಾದ ಬಾಲಸೋರ್ ಹತ್ತಿರ ದಡ ಹತ್ತಿತು. ಅದೇ ವಾರ ಇತ್ತ ಮಹಾರಾಷ್ಟ್ರದ ಘಟ್ಟದಿಂದ ಕೊಡಗಿನವರೆಗೆ ಜಡಿಮಳೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಉಕ್ಕಿದವು. ಬೆಳಗಾವಿ, ಬಾಗಲಕೋಟೆಯ ಎಷ್ಟೋ ಊರುಗಳಲ್ಲಿ ಕಬ್ಬು ಎದೆಮಟ್ಟದ ನೀರಲ್ಲಿ ನಿಂತು ಕೊಳೆಯಿತು. ಇಲ್ಲಿ ಒಂದು ಮಾತು ಗಮನಿಸಬೇಕು. ನದಿ ದಂಡೆಯ ಬಯಲು ಸೀಮೆಯವರ ತಲೆಯ ಮೇಲೆ ಮಳೆ ಅಷ್ಟಾಗಿ ಇಲ್ಲದೆಯೂ ನೆರೆ ಬರುತ್ತದೆ. ಸುಳಿ ಎದ್ದದ್ದು ಕೊಲ್ಲಿಯಲ್ಲಿ, ಮಳೆ ಬಿದ್ದದ್ದು ಮಹಾಬಳೇಶ್ವರ, ಕೊಯ್ನಾ ಕಡೆ, ನೀರು ನುಗ್ಗಿದ್ದು ನಮ್ಮ ಹೊಲಕ್ಕೆ. ಮೂರು ದೂರದ ಊರುಗಳನ್ನು ಒಂದೇ ದಾರದಲ್ಲಿ ಪೋಣಿಸಿದ ಹಾಗೆ. ಮುಗಿಲು ತೆರವಾಗಿ ಬಿಸಿಲು ಬಿದ್ದಿದೆ ಎಂದು ಮೋಸಹೋಗಬಾರದು.

ಇದು ನಮ್ಮೊಬ್ಬರ ಪಾಡೇನಲ್ಲ. ಹೊರನಾಡಿನ ಎರಡು ಸಂಗತಿ ಹೇಳುತ್ತೇನೆ, ಕೇಳಿ.

2021ರ ಜುಲೈ 20ರಂದು ಚೀನಾದ ಒಳನಾಡಿನ ಝೆಂಗ್‌ಝೌ ಎಂಬ ಪಟ್ಟಣದಲ್ಲಿ ಒಂದೇ ಗಂಟೆಯಲ್ಲಿ 201.9 ಮಿಲಿಮೀಟರ್, ಅಂದರೆ ಸುಮಾರು 8 ಅಂಗುಲ ಮಳೆ ಬಿತ್ತು. ಆ ಹೊತ್ತಿನಲ್ಲಿ ‘ಇನ್‌ಫಾ’ ಎಂಬ ಚಂಡಮಾರುತ ಸಾವಿರ ಕಿಲೋಮೀಟರಿಗೂ ಆಚೆ ಇನ್ನೂ ಕಡಲ ಮೇಲೆಯೇ ಇತ್ತು. ಅದು ದಡ ಹತ್ತಿದ್ದು ಐದು ದಿನ ಕಳೆದು, 25ಕ್ಕೆ. ಆದರೆ ಅದು ದೂಡಿದ ತೇವದ ಗಾಳಿ ಮೊದಲೇ ಹೋಗಿ ಒಳನಾಡಿನ ಬೆಟ್ಟಗಳಿಗೆ ಡಿಕ್ಕಿ ಹೊಡೆದಿತ್ತು. ಅಂದರೆ ಚಂಡಮಾರುತ ಬರುವ ಮುಂಚೆಯೇ ಅದರ ಮಳೆ ಬಂದಿತ್ತು. ಕಡಲ ದಂಡೆಯವರು ಗಾಳಿಗೆ ಸಿದ್ಧವಾಗುತ್ತಿದ್ದಾಗ, ಒಳನಾಡಿನವರು ಸುರಂಗದ ರೈಲಿನೊಳಗೆ ಎದೆಮಟ್ಟದ ನೀರಲ್ಲಿ ನಿಂತಿದ್ದರು. ಆ ಸುರಂಗದಲ್ಲೇ 14 ಜನ ತೀರಿಕೊಂಡರು.

ಎರಡನೆಯದು ನಮ್ಮ ನೆರೆಯ ನೇಪಾಳದ್ದು. 2014ರ ಅಕ್ಟೋಬರ್ 12ರಂದು ‘ಹುದ್‌ಹುದ್’ ಚಂಡಮಾರುತ ವಿಶಾಖಪಟ್ಟಣಕ್ಕೆ ಬಡಿಯಿತು. ಮುನ್ಸೂಚನೆ ಸರಿಯಾಗಿತ್ತು, ಲಕ್ಷಾಂತರ ಜನರನ್ನು ಮೊದಲೇ ಸಾಗಿಸಿದ್ದರು. ಪಟ್ಟಣ ಜಖಂ ಆದರೂ ಬಹುಪಾಲು ಜೀವ ಉಳಿಯಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಳಿದುಳಿದ ಸುಳಿ ಉತ್ತರಕ್ಕೆ ನಡೆದು, ಎರಡು ದಿನ ಕಳೆದು 14ರಂದು ಹಿಮಾಲಯಕ್ಕೆ ಮುಟ್ಟಿತು. ಅಲ್ಲಿ ಅದರ ನೀರು ಹಿಮವಾಗಿ ಸುರಿಯಿತು. ಅನ್ನಪೂರ್ಣ ಬೆಟ್ಟದ ಕಣಿವೆಯ ದಾರಿಯಲ್ಲಿದ್ದ ಚಾರಣಿಗರು, ಅವರ ಜೊತೆಯಾಳುಗಳು, ಯಾಕ್ ದನ ಕಾಯುವವರು ಸೇರಿ ನಲವತ್ತಕ್ಕೂ ಹೆಚ್ಚು ಜನ ಹಿಮದಡಿ ಸತ್ತರು. ಕಡಲಿನಿಂದ ನೂರಾರು ಕಿಲೋಮೀಟರ್ ದೂರ ಇದ್ದವರು ಚಂಡಮಾರುತಕ್ಕೆ ಬಲಿಯಾದರು. ಎರಡು ದಿನದ ಸಮಯ ಇತ್ತು. ಆದರೆ ಬೆಟ್ಟದ ಮೇಲಿದ್ದವರಿಗೆ ಆ ಸುದ್ದಿ ತಮ್ಮ ಸುದ್ದಿಯಾಗಿ ಮುಟ್ಟಲಿಲ್ಲ.

ಬಂಧುಗಳೇ, ಇವತ್ತಿನ ಮಾತಿನ ತಿರುಳು ಇಲ್ಲಿದೆ. ಕಡಲ ದಂಡೆಯ ಜನ ಪಾಠ ಕಲಿತಿದ್ದಾರೆ. 1999ರ ಅಕ್ಟೋಬರಿನಲ್ಲಿ ಒಡಿಶಾದ ಮಹಾ ಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಸತ್ತರು. ಅದೇ ಒಡಿಶಾಕ್ಕೆ 2013ರ ಅಕ್ಟೋಬರಿನಲ್ಲಿ ‘ಫೈಲಿನ್’ ಬಂದಾಗ ಸತ್ತವರು ಐವತ್ತಕ್ಕೂ ಕಡಿಮೆ. ಗಾಳಿ ಮೆತ್ತಗಾದದ್ದಲ್ಲ, ಮುನ್ಸೂಚನೆ ಬೆಳೆಯಿತು, ಜನ ಅದನ್ನು ನಂಬಿ ಎದ್ದು ಹೊರಟರು. ನಾವು ದೂರದವರು ಮಾತ್ರ ಇನ್ನೂ “ಅವರ ಸುದ್ದಿ, ನಮ್ಮ ಸುದ್ದಿ” ಎಂದು ಭಾಗ ಮಾಡಿಕೊಂಡು ಕೂತಿದ್ದೇವೆ. ಗಾಳಿಗೆ ಆ ಭಾಗಪತ್ರ ಗೊತ್ತಿಲ್ಲ.

ಹಾಗಂತ ಕೊಲ್ಲಿಯಲ್ಲಿ ಸುಳಿ ಎದ್ದಾಗಲೆಲ್ಲ ಹೆದರಿ ಓಡಬೇಕೇ? ಬೇಡ. ಎಲ್ಲ ಸುಳಿಯೂ ನಮಗೆ ಮಳೆ ತರುವುದಿಲ್ಲ. ಘಟ್ಟದಲ್ಲಿ ಜಡಿಮಳೆಯಾಗುವಾಗ ಘಟ್ಟದ ಮರೆಯಲ್ಲಿರುವ ಚಿತ್ರದುರ್ಗ, ಚಾಮರಾಜನಗರ ಕಡೆಗೆ ಬರೀ ಗಾಳಿ, ತುಂತುರು ಸಿಗುವುದೂ ಉಂಟು. ಸುಳಿ ಎಲ್ಲಿದೆ, ಯಾವ ತಿಂಗಳು, ನೆಲ ಎಷ್ಟು ತೊಯ್ದಿದೆ, ಈ ಮೂರನ್ನು ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಡಿಶಾ ಕಡೆ ಸುಳಿ ಎದ್ದರೆ ಕರಾವಳಿ, ಮಲೆನಾಡು, ಕೊಡಗಿನವರು ಎಚ್ಚರ. ಆಮೇಲೆ ಕೆಳಗಿನ ನದಿ ದಂಡೆಯವರು ಎಚ್ಚರ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆಂಧ್ರ, ತಮಿಳುನಾಡು ಕಡೆ ಸುಳಿ ಬಂದರೆ ಹಳೆ ಮೈಸೂರು, ಕೋಲಾರ ಕಡೆಯವರು ಎಚ್ಚರ. 2021ರ ನವೆಂಬರ್ 19ರಂದು ಚೆನ್ನೈ ಹತ್ತಿರ ದಡ ಹತ್ತಿದ ವಾಯುಭಾರ ಕುಸಿತದ ದಿನಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಕೊಯ್ಲಿಗೆ ಬಂದ ರಾಗಿ ನೆಲಕಚ್ಚಿ, ತೆನೆಯಲ್ಲೇ ಮೊಳಕೆ ಒಡೆದದ್ದು ನಿಮಗೆ ನೆನಪಿರಬಹುದು.

ಇನ್ನೊಂದು ಮಗ್ಗುಲೂ ಇದೆ. ದೂರದ ಸುಳಿ ಮಳೆಯನ್ನು ಕೊಡುವ ಹಾಗೆ ಕಸಿಯುವುದೂ ಉಂಟು. 2023ರ ಜೂನ್‌ನಲ್ಲಿ ಅರಬ್ಬೀ ಸಮುದ್ರದಲ್ಲಿ ‘ಬಿಪರ್‌ಜಾಯ್’ ಚಂಡಮಾರುತ ಎದ್ದು, ಗುಜರಾತಿನ ಕಡೆಗೆ ನಡೆಯಿತು. ಹೋಗುವಾಗ ಗಾಳಿಯನ್ನೂ ತೇವವನ್ನೂ ತನ್ನ ಕಡೆಗೆ ಎಳೆದುಕೊಂಡಿತು. ಮುಂಗಾರು ಕೇರಳಕ್ಕೆ ಬಂದದ್ದು ಒಂದು ವಾರ ತಡವಾಗಿ, ಜೂನ್ 8ಕ್ಕೆ. ನಮ್ಮಲ್ಲಿ ಆ ತಿಂಗಳ ಮಳೆ ವಾಡಿಕೆಗಿಂತ ಬಹಳ ಕಡಿಮೆಯಾಯಿತು. ಆದ್ದರಿಂದ ಮೇ ಕೊನೆಗೋ ಜೂನ್ ಮೊದಲಿಗೋ ಚಂಡಮಾರುತದ ಬೆನ್ನಿಗೆ ಬಂದ ಒಂದೆರಡು ಹದ ಮಳೆ ನಂಬಿ ಬೀಜವನ್ನೆಲ್ಲ ಒಮ್ಮೆಗೇ ಬಿತ್ತಬೇಡಿ. ಅದು ಮುಂಗಾರೋ, ಬಂದುಹೋಗುವ ನೆಂಟನೋ ಎಂದು ವರದಿ ಕೇಳಿ ತಿಳಿದುಕೊಳ್ಳಿ.

ಸರಿ, ಕೊಲ್ಲಿಯ ಸುದ್ದಿ ಬಂತು ಅನ್ನಿ. ಸುಳಿ ಬಲಗೊಂಡು ಘಟ್ಟದ ಮಳೆ ಏರುವುದಕ್ಕೆ ಸಾಮಾನ್ಯವಾಗಿ ಒಂದೆರಡು ದಿನ ಸಿಗುತ್ತದೆ. ಆ ದಿನಗಳಲ್ಲಿ ಏನು ಮಾಡಬಹುದು?

ಮಲೆನಾಡಿನವರು ತೋಟದ ಬಸಿಗಾಲುವೆ, ಮನೆಯ ಹಿಂದಿನ ಚರಂಡಿ ಬಿಡಿಸಿಡಿ. ಗದ್ದೆಯ ಬದುವಿನ ಕಂಡಿ ತೆರೆದಿಡಿ. ಗೊಬ್ಬರ ಹಾಕುವುದು, ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮುಂದಕ್ಕೆ ಹಾಕಿ. ಹಾಕಿದ್ದೆಲ್ಲ ಹೊಳೆಪಾಲು ಆದೀತು. ಬರೆಯ ಕೆಳಗೆ ಮನೆ ಇರುವವರು ಕಣ್ಣಿಟ್ಟು ನೋಡಿ. ನೆಲದಲ್ಲಿ ಹೊಸ ಬಿರುಕು ಬಂತೇ, ನೆಟ್ಟಗಿದ್ದ ಮರ ವಾಲಿತೇ, ತಿಳಿಯಾಗಿ ಹರಿಯುತ್ತಿದ್ದ ಒರತೆ ಒಮ್ಮೆಗೇ ಕೆಂಪಾಯಿತೇ, ಗೋಡೆ ಸೀಳಿತೇ? ಇವುಗಳಲ್ಲಿ ಒಂದು ಕಂಡರೂ ಸಾಮಾನು ಕಟ್ಟುತ್ತ ಕೂರಬೇಡಿ. ಮಕ್ಕಳು, ಮುದುಕರನ್ನು ಕರೆದುಕೊಂಡು ಗಟ್ಟಿ ಜಾಗಕ್ಕೆ ಹೊರಡಿ. ಆ ರಾತ್ರಿ ಅಲ್ಲಿ ಮಲಗಬೇಡಿ.

ನದಿ ದಂಡೆಯವರು ಪಂಪಿನ ಮೋಟಾರನ್ನು ಎತ್ತರಕ್ಕೆ ಸಾಗಿಸಿ. ದನಗಳನ್ನು ಕಟ್ಟಿಹಾಕಿ ಬಿಟ್ಟು ಹೋಗಬೇಡಿ. ಮೊದಲೇ ಎತ್ತರದ ಕಡೆಗೆ ಹೊಡೆದುಕೊಂಡು ಹೋಗಿ, ಆಗದಿದ್ದರೆ ಕಣ್ಣಿ ಬಿಚ್ಚಿ. ಮೇಲಿನ ಕಟ್ಟೆಯಿಂದ ಎಷ್ಟು ನೀರು ಬಿಟ್ಟರು ಎಂಬ ಸುದ್ದಿ ದಿನಕ್ಕೆರಡು ಸಲ ಕೇಳಿ. ಕೊಯ್ಲಿನ ಕಾಲವಾದರೆ, ಕೊಯ್ಯಬೇಕಾದ ಪೈರನ್ನು ಎರಡು ದಿನ ತಡೆಯಿರಿ. ಕೊಯ್ದದ್ದನ್ನು ಕಣದಲ್ಲಿ ಹರಡಿಡದೆ ಬಣವೆ ಮಾಡಿ ಮುಚ್ಚಿ. ಮಣ್ಣಿನ ಮಾಳಿಗೆಯವರು ಮೇಲೆ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ. ತಾಯಂದಿರು ಒಣ ಸೌದೆ, ಎರಡು ದಿನದ ದಿನಸಿ, ಔಷಧಿ, ಜಮೀನಿನ ಕಾಗದಪತ್ರ ಇವನ್ನು ಒಂದು ಎತ್ತರದ ಜಾಗದಲ್ಲಿ ಕಟ್ಟಿಟ್ಟಿರಿ.

ಪಿಡಿಂಗ್ಟನ್ ಕಾಲದಲ್ಲಿ ಸುಳಿಯ ಸುದ್ದಿ ತಿಳಿಯುತ್ತಿದ್ದುದು ಹಡಗು ಮುರಿದು ದಡಕ್ಕೆ ಬಂದ ಮೇಲೆ. ಇಂದು ಸುಳಿ ಎಳೆಯದಿರುವಾಗಲೇ ಅದರ ಜಾತಕ ನಮ್ಮ ಕೈಗೆ ಬರುತ್ತದೆ. ರೇಡಿಯೋದಲ್ಲಿ ಬರುತ್ತದೆ, ಕೈಯಲ್ಲಿರುವ ಫೋನಿಗೂ ಬರುತ್ತದೆ. ಹಳದಿ, ಕಿತ್ತಳೆ, ಕೆಂಪು ಎಂದು ಜಿಲ್ಲೆವಾರು ಎಚ್ಚರಿಕೆಯ ಬಣ್ಣ ಹೇಳುತ್ತಾರೆ. ಕೆಂಪು ಎಂದರೆ ಕಾದು ನೋಡುವ ಹೊತ್ತಲ್ಲ, ಎದ್ದು ಕೆಲಸ ಮಾಡುವ ಹೊತ್ತು. ಒಂದೊಂದು ಸಲ ಹೇಳಿದಷ್ಟು ಮಳೆ ಬರದೆಯೂ ಹೋಗಬಹುದು. ಆಗ “ಸುಳ್ಳು ಹೇಳಿದರು” ಎಂದು ಬೈಯಬೇಡಿ. ಬಿಡಿಸಿಟ್ಟ ಚರಂಡಿ ಮುಂದಿನ ಮಳೆಗೆ ಬಂದೀತು. ಹೋದ ಜೀವ ಬಾರದು.

ಇನ್ನು ಮೇಲೆ ಬಂಗಾಳ ಕೊಲ್ಲಿ ಎಂಬ ಹೆಸರು ಕಿವಿಗೆ ಬಿದ್ದಾಗ ರೇಡಿಯೋದ ದನಿಯನ್ನು ಸ್ವಲ್ಪ ಹೆಚ್ಚು ಮಾಡಿ. ಪೂರ್ತಿ ಕೇಳಿ. ಕೇಳಿದ್ದನ್ನು, ರೇಡಿಯೋ ಕೇಳದ ಪಕ್ಕದ ಮನೆಯವರಿಗೂ, ಹಾಡಿಯ ಜನಕ್ಕೂ, ತೋಟದ ಲೈನ್‌ಮನೆಯಲ್ಲಿ ಇರುವವರಿಗೂ ಹೇಳಿ. ನಿಮ್ಮ ಬೆಳೆಯೂ ಬಾಳೂ ಕ್ಷೇಮವಾಗಿರಲಿ.